ಕಂಬ ದಾಟುವ ರೈಲು, ಸೇತುವೆ ದಾಟುವ ಬಸ್ಸು: ವೇಗ, ದೂರ, ಕಾಲದ ಲೆಕ್ಕ ಬಿಡಿಸುವ ಬಗೆ

ಬೆಂಗಳೂರು ದಂಡು ರೈಲು ನಿಲ್ದಾಣದ ಹತ್ತಿರ, ಮಿಲ್ಲರ್ಸ್ ರಸ್ತೆಯಲ್ಲಿ ರೈಲ್ವೆ ನೇಮಕಾತಿ ಮಂಡಳಿಯ ಕಚೇರಿ ಇದೆ. ರೈಲ್ವೆ ಕೆಲಸಕ್ಕೆ ಅರ್ಜಿ ಹಾಕುವ ನಮ್ಮ ಹುಡುಗ ಹುಡುಗಿಯರ ಬಾಯಲ್ಲಿ ಅದು ‘ಆರ್‌ಆರ್‌ಬಿ ಬೆಂಗಳೂರು’. ಎನ್‌ಟಿಪಿಸಿ (ತಾಂತ್ರಿಕವಲ್ಲದ ಹುದ್ದೆಗಳ) ಪರೀಕ್ಷೆಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ ಗಣಿತದ್ದು 30. ಪ್ರಶ್ನೆಯೊಂದಕ್ಕೆ ಸಿಗುವುದು 54 ಸೆಕೆಂಡು. ಉತ್ತರ ತಪ್ಪಿದರೆ ಮೂರನೇ ಒಂದು ಅಂಕ ಕೈಬಿಡುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಓದಿ ಉತ್ತರಿಸಬಹುದು, ಹಾಗಾಗಿ ಭಾಷೆ ಅಡ್ಡಿಯಾಗುವುದಿಲ್ಲ. ಆದರೂ ವೇಗ, ದೂರ, ಕಾಲದ ಪ್ರಶ್ನೆ ಕಂಡರೆ ಚೆನ್ನಾಗಿ ಓದಿದವರೂ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಇಷ್ಟು ಕಡಿಮೆ ಸರಕಿನಲ್ಲಿ ಇಷ್ಟೊಂದು ಬಗೆಯ ಪ್ರಶ್ನೆ ಬಿಡಿಸಲು ಬರುವ ಪಾಠ ಗಣಿತದಲ್ಲಿ ಅಪರೂಪ.

ಸೂತ್ರ ಇರುವುದೇ ಒಂದು: ದೂರ = ವೇಗ × ಕಾಲ. ಮಾರ್ಗದರ್ಶಿ ಪುಸ್ತಕಗಳು ಇದರ ಹಿಂದೆ ಹತ್ತಿಪ್ಪತ್ತು ಉಪಸೂತ್ರ ಸಾಲಾಗಿ ಕೊಡುತ್ತವೆ. ಅವನ್ನು ಉರು ಹೊಡೆದವರಿಗೆ ಪರೀಕ್ಷೆಯ ಹೊತ್ತಿಗೆ ಯಾವುದು ಎಲ್ಲಿ ಹೊಂದುತ್ತದೆ ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ಅದರ ಬದಲು, ಲೆಕ್ಕ ಓದಿದ ಕೂಡಲೇ ಒಂದೇ ಒಂದನ್ನು ಕೇಳಿಕೊಳ್ಳಿ: ಈ ಮೂರರಲ್ಲಿ ಬದಲಾಗದೆ ನಿಂತಿರುವುದು ಯಾವುದು? ದೂರ ಅದೇ ಇದ್ದರೆ, ವೇಗ ಎಷ್ಟು ಪಟ್ಟು ಏರಿತೋ ಕಾಲ ಅಷ್ಟು ಪಟ್ಟು ಇಳಿಯುತ್ತದೆ. ಕಾಲ ಅದೇ ಇದ್ದರೆ, ವೇಗ ಏರಿದಷ್ಟು ಪಟ್ಟು ದೂರವೂ ಏರುತ್ತದೆ. ವೇಗ ಅದೇ ಇದ್ದರೆ ದೂರ, ಕಾಲ ಎರಡೂ ಜೊತೆಜೊತೆಗೆ ಹೋಗುತ್ತವೆ. ಎಂಟನೇ ತರಗತಿಯಲ್ಲಿ ಓದಿದ ನೇರ ಅನುಪಾತ, ವಿಲೋಮ ಅನುಪಾತ ಅಂದರೆ ಇದೇ. ಮುಂದಿನ ಲೆಕ್ಕಗಳನ್ನೆಲ್ಲ ಈ ಒಂದು ಪ್ರಶ್ನೆ ಹಿಡಿದೇ ಬಿಡಿಸೋಣ.

ಮೊದಲು ಮಾನ ಸರಿಪಡಿಸಿ

ವೇಗ ಗಂಟೆಗೆ ಕಿಲೋಮೀಟರಿನಲ್ಲಿ, ರೈಲಿನ ಉದ್ದ ಮೀಟರಿನಲ್ಲಿ, ಕಾಲ ಸೆಕೆಂಡಿನಲ್ಲಿ ಕೊಟ್ಟಿರುತ್ತಾರೆ. ಮೂರನ್ನೂ ಒಂದೇ ಜಾಡಿಗೆ ತಾರದೆ ಮುಂದೆ ಹೋಗಬೇಡಿ. ಒಂದು ಗಂಟೆಗೆ 3,600 ಸೆಕೆಂಡು, ಒಂದು ಕಿಲೋಮೀಟರಿಗೆ 1,000 ಮೀಟರ್. ಹಾಗಾಗಿ ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ಇದೊಂದನ್ನು ನೆನಪಿಟ್ಟರೆ 5/18 ಬರಬೇಕೋ 18/5 ಬರಬೇಕೋ ಎಂಬ ಗೊಂದಲ ಇರುವುದಿಲ್ಲ. 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25, 108ಕ್ಕೆ 30. ಪರೀಕ್ಷೆಗಳಲ್ಲಿ ಹೆಚ್ಚಾಗಿ ಬರುವುದು ಇವೇ. ಮಗ್ಗಿಯ ಹಾಗೆ ಬಾಯಿಗೆ ಬರಲಿ.

ಇನ್ನೊಂದು ಹಳ್ಳ ದಶಮಾಂಶದ್ದು. 1.4 ಗಂಟೆ ಎಂದರೆ ಒಂದು ಗಂಟೆ ನಲವತ್ತು ನಿಮಿಷವೆಂದು ಬರೆದವರು ಬಹಳ ಜನ. ಅದು ಒಂದು ಗಂಟೆ 24 ನಿಮಿಷ, ಏಕೆಂದರೆ 0.4 × 60 = 24. ಸಾಧ್ಯವಾದಲ್ಲೆಲ್ಲ ದಶಮಾಂಶ ಬಿಟ್ಟು ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಎಂದೇ ಲೆಕ್ಕ ಹಿಡಿಯಿರಿ. ರಾತ್ರಿ ರೈಲಿನ ಪ್ರಶ್ನೆಯಲ್ಲಿ 22:50ಕ್ಕೆ ಹೊರಟು 05:20ಕ್ಕೆ ತಲುಪಿತು ಎಂದಿದ್ದರೆ ಕಳೆಯಲು ಹೋಗಬೇಡಿ. ನಡುರಾತ್ರಿಯವರೆಗೆ 1 ಗಂಟೆ 10 ನಿಮಿಷ, ಆಮೇಲೆ 5 ಗಂಟೆ 20 ನಿಮಿಷ, ಒಟ್ಟು ಆರೂವರೆ ಗಂಟೆ.

ದೂರ ಅದೇ, ವೇಗ ಬೇರೆ

ಶಿವಾಜಿನಗರದಿಂದ ಹಲಸೂರು, ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್.ಪುರಕ್ಕೆ 12 ಕಿ.ಮೀ. ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೋಗುವ ಬಸ್ಸಿನ ವೇಗ ಗಂಟೆಗೆ 30 ಕಿ.ಮೀ., ಹಿಂದಿರುಗುವಾಗ ದಟ್ಟಣೆಯಲ್ಲಿ ಗಂಟೆಗೆ 20 ಕಿ.ಮೀ. ಇಡೀ ಪ್ರಯಾಣದ ಸರಾಸರಿ ವೇಗ ಎಷ್ಟು? ಕೈ ತಾನಾಗಿ 25 ಎಂದು ಬರೆಯುತ್ತದೆ. ಆಯ್ಕೆಗಳಲ್ಲಿ 25 ಇದ್ದೇ ಇರುತ್ತದೆ, ಪ್ರಶ್ನೆ ತೆಗೆಯುವವರು ಅದನ್ನು ಬೇಕೆಂದೇ ಇಟ್ಟಿರುತ್ತಾರೆ. ಈಗ ನಿಜ ನೋಡಿ. ಹೋಗಲು 24 ನಿಮಿಷ, ಬರಲು 36 ನಿಮಿಷ. 24 ಕಿ.ಮೀ. ಕ್ರಮಿಸಲು ಸರಿಯಾಗಿ ಒಂದು ಗಂಟೆ. ಸರಾಸರಿ 24.

ಒಂದು ಕಿಲೋಮೀಟರು ಏಕೆ ಕಡಿಮೆಯಾಯಿತು? ಇಲ್ಲಿ ಅದೇ ಇರುವುದು ದೂರ, ಕಾಲವಲ್ಲ. ನಿಧಾನದ ಓಟದಲ್ಲಿ ನಾವು ಹೆಚ್ಚು ಹೊತ್ತು ಇದ್ದೆವು, ಹಾಗಾಗಿ ಸರಾಸರಿ ಆ ಕಡೆಗೇ ವಾಲುತ್ತದೆ. ಅದೇ ಬಸ್ಸು ಅರ್ಧ ಗಂಟೆ 30ರಲ್ಲಿ, ಇನ್ನರ್ಧ ಗಂಟೆ 20ರಲ್ಲಿ ಓಡಿದ್ದರೆ 25 ಸರಿಯಾಗುತ್ತಿತ್ತು. ಎರಡು ವೇಗಗಳ ಗುಣಲಬ್ಧದ ಎರಡರಷ್ಟನ್ನು ಮೊತ್ತದಿಂದ ಭಾಗಿಸುವ ಸೂತ್ರ ಪುಸ್ತಕದಲ್ಲಿದೆ, ಬಳಸಿ. ಆದರೆ ಹೋದ ದೂರ, ಬಂದ ದೂರ ಬೇರೆಯಾದ ಕೂಡಲೇ ಅದು ಕೈಕೊಡುತ್ತದೆ. ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸುವುದು ಎಲ್ಲಿಯೂ ಕೈಕೊಡುವುದಿಲ್ಲ.

ತಡವಾಗಿ ತಲುಪುವ ಲೆಕ್ಕವೂ ಇದೇ ಮನೆತನದ್ದು. ‘ಎಂದಿನ ವೇಗದ 4/5ರಲ್ಲಿ ಹೋದದ್ದರಿಂದ 12 ನಿಮಿಷ ತಡವಾಯಿತು, ಎಂದಿನ ಕಾಲ ಎಷ್ಟು?’ ದೂರ ಅದೇ. ವೇಗ 4/5 ಆದರೆ ಕಾಲ 5/4, ಅಂದರೆ ಎಂದಿನ ಕಾಲಕ್ಕಿಂತ ಕಾಲು ಭಾಗ ಹೆಚ್ಚು. ಆ ಕಾಲು ಭಾಗವೇ 12 ನಿಮಿಷ, ಎಂದಿನದು 48 ನಿಮಿಷ. ಬೀಜಗಣಿತದ ಒಂದು ಅಕ್ಷರವೂ ಬೇಕಾಗಲಿಲ್ಲ.

ಇದರ ಅಕ್ಕಪಕ್ಕದ ಇನ್ನೊಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಬೇರೊಂದು ದಾರಿಯಲ್ಲಿ ಹೇಳಿಕೊಡುತ್ತೇನೆ. ಹುಡುಗಿಯೊಬ್ಬಳು ಹಲಸೂರು ಕೆರೆಯ ಕಡೆಯಿಂದ ಶಿವಾಜಿನಗರದ ಶಾಲೆಗೆ ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರೆ 6 ನಿಮಿಷ ತಡ, 6 ಕಿ.ಮೀ. ವೇಗದಲ್ಲಿ ನಡೆದರೆ 4 ನಿಮಿಷ ಬೇಗ. ಶಾಲೆ ಎಷ್ಟು ದೂರ? ವೇಗವನ್ನು ತಿರುಗಿಸಿ ಹಾಕಿ: ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ? ಮೊದಲನೆಯದಕ್ಕೆ 15, ಎರಡನೆಯದಕ್ಕೆ 10. ಪ್ರತಿ ಕಿಲೋಮೀಟರಿಗೂ 5 ನಿಮಿಷ ಉಳಿಯುತ್ತದೆ. ಒಟ್ಟು ಉಳಿದದ್ದು 6 + 4 = 10 ನಿಮಿಷ. ಹಾಗಾದರೆ ದೂರ 2 ಕಿ.ಮೀ. ತಡವೂ ಬೇಗವೂ ಇದ್ದಾಗ ಕೂಡಿಸಬೇಕು. ಎರಡೂ ಸಲ ತಡವಾಗಿದ್ದರೆ ಕಳೆಯಬೇಕು. ಇಲ್ಲಿ ಎಡವುವವರೇ ಹೆಚ್ಚು. ಗಡಿಯಾರದ ಮುಖದ ಮೇಲೆ ಶಾಲೆ ಶುರುವಾಗುವ ಹೊತ್ತನ್ನು ಗುರುತಿಸಿ, ತಲುಪಿದ ಎರಡೂ ಹೊತ್ತಿಗೆ ಬಿಂದು ಇಟ್ಟರೆ ಸಂದೇಹ ಉಳಿಯುವುದಿಲ್ಲ.

ಮೂತಿ ಎಲ್ಲಿ, ಬಾಲ ಎಲ್ಲಿ

ರೈಲಿನ ಲೆಕ್ಕ ಕಷ್ಟವೆನಿಸುವುದು ಒಂದೇ ಕಾರಣಕ್ಕೆ, ಅದಕ್ಕೆ ಉದ್ದವಿದೆ. ಒಂದು ಎಲ್‌ಎಚ್‌ಬಿ ಮಾದರಿಯ ಬೋಗಿ ಸುಮಾರು 24 ಮೀಟರ್. ಇಪ್ಪತ್ತು ಬೋಗಿ, ಒಂದು ಎಂಜಿನ್ ಸೇರಿದರೆ ಅರ್ಧ ಕಿಲೋಮೀಟರು. ದಂಡು ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲೊಂದನ್ನು ಗಮನಿಸಿ. ಎಂಜಿನ್ನಿನ ಮೂತಿ ಪ್ಲಾಟ್‌ಫಾರ್ಮಿನ ಈ ತುದಿಗೆ ಬಂದಾಗ ಗಡಿಯಾರ ಶುರು. ಮೂತಿ ಆ ತುದಿ ದಾಟಿದರೂ ರೈಲು ಪ್ಲಾಟ್‌ಫಾರ್ಮ್ ದಾಟಿದಂತಲ್ಲ, ಬೋಗಿಗಳು ಇನ್ನೂ ನಮ್ಮ ಮುಂದೆಯೇ ಹೋಗುತ್ತಿವೆ. ಕೊನೆಯ ಬೋಗಿಯ ಬೆನ್ನಿಗೆ ದೊಡ್ಡ ಹಳದಿ ಎಕ್ಸ್ ಗುರುತು ಇರುತ್ತದೆ, ರೈಲು ತುಂಡಾಗದೆ ಪೂರ್ತಿ ಬಂದಿದೆ ಎಂದು ಸಿಬ್ಬಂದಿ ತಿಳಿಯುವುದು ಅದನ್ನು ನೋಡಿ. ಆ ಎಕ್ಸ್ ಗುರುತು ಆ ತುದಿಯನ್ನು ದಾಟಿದ ಕ್ಷಣಕ್ಕೆ ಗಡಿಯಾರ ನಿಲ್ಲಿಸಬೇಕು. ಅಷ್ಟರಲ್ಲಿ ಮೂತಿ ಕ್ರಮಿಸಿದ್ದು ಪ್ಲಾಟ್‌ಫಾರ್ಮಿನ ಉದ್ದ ಮತ್ತು ರೈಲಿನ ಉದ್ದ, ಎರಡೂ ಸೇರಿ.

ಈಗ ಪ್ರಶ್ನೆ: ರೈಲು ಕಂಬವೊಂದನ್ನು 25 ಸೆಕೆಂಡಿನಲ್ಲಿ, 400 ಮೀಟರ್ ಪ್ಲಾಟ್‌ಫಾರ್ಮನ್ನು 45 ಸೆಕೆಂಡಿನಲ್ಲಿ ದಾಟುತ್ತದೆ. ವೇಗ, ಉದ್ದ ಎಷ್ಟು? ಬದಲಾಗದಿರುವುದು ವೇಗ. ಕಂಬ ದಾಟುವಾಗ ಓಡಿದ್ದು ತನ್ನ ಉದ್ದ ಮಾತ್ರ, ಪ್ಲಾಟ್‌ಫಾರ್ಮ್ ದಾಟುವಾಗ ಅದರ ಮೇಲೆ 400 ಮೀಟರ್ ಹೆಚ್ಚು. ಹೆಚ್ಚಿದ ಕಾಲ 20 ಸೆಕೆಂಡು. ಅಂದರೆ 400 ಮೀಟರಿಗೆ 20 ಸೆಕೆಂಡು, ಸೆಕೆಂಡಿಗೆ 20 ಮೀಟರ್, ಗಂಟೆಗೆ 72 ಕಿ.ಮೀ. ಉದ್ದ 20 × 25 = 500 ಮೀಟರ್. ಎರಡು ಸಮೀಕರಣ ಬರೆದು ಕೂತರೆ ಒಂದೂವರೆ ನಿಮಿಷ, ಕಾಲವನ್ನು ಕಳೆದರೆ ಹದಿನೈದು ಸೆಕೆಂಡು.

ಬಸ್ಸಿನ ಉದ್ದವನ್ನು ಯಾರೂ ಕೇಳುವುದಿಲ್ಲವಲ್ಲ, ಏಕೆ ಎಂದು ಒಳ್ಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಕೆ.ಆರ್.ಪುರದ ತೂಗುಸೇತುವೆ ಸುಮಾರು 230 ಮೀಟರ್. ಗಂಟೆಗೆ 36 ಕಿ.ಮೀ. ವೇಗದ 12 ಮೀಟರ್ ಬಸ್ಸು ಅದನ್ನು ಪೂರ್ತಿ ದಾಟಲು 24.2 ಸೆಕೆಂಡು ಬೇಕು. ಬಸ್ಸಿನ ಉದ್ದ ಬಿಟ್ಟರೂ 23 ಸೆಕೆಂಡು. ಅಷ್ಟೇ ಉದ್ದದ ರೈಲು ಸೇತುವೆಯ ಮೇಲೆ 16 ಬೋಗಿಗಳ 384 ಮೀಟರ್ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋದರೆ 30.7 ಸೆಕೆಂಡು, ಉದ್ದ ಮರೆತರೆ ಬರೀ 11.5. ಒಂದು ಕಡೆ ಕೂದಲೆಳೆಯ ತಪ್ಪು, ಇನ್ನೊಂದು ಕಡೆ ಉತ್ತರವೇ ಬುಡಮೇಲು.

ಇಬ್ಬರೂ ಚಲಿಸುವಾಗ

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ. ಇವತ್ತು ಆ ದಾರಿ ಸುಮಾರು 140 ಕಿ.ಮೀ. ದಂಡು ನಿಲ್ದಾಣದಿಂದ ಬೆಳಿಗ್ಗೆ 6ಕ್ಕೆ ಒಂದು ರೈಲು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊರಟಿತು. 6:30ಕ್ಕೆ ಜೋಲಾರಪೇಟೆಯಿಂದ ಇನ್ನೊಂದು ರೈಲು ಗಂಟೆಗೆ 50 ಕಿ.ಮೀ. ವೇಗದಲ್ಲಿ ಇತ್ತ ಹೊರಟಿತು. ಎಲ್ಲಿ ಎದುರಾಗುತ್ತವೆ?

ರಫ್ ಹಾಳೆಯಲ್ಲಿ ಒಂದು ಗೆರೆ ಎಳೆಯಿರಿ. ಎಡ ತುದಿಗೆ ‘ದಂ’, ಬಲ ತುದಿಗೆ ‘ಜೋ’, ಗೆರೆಯ ಮೇಲೆ 140. ಇಬ್ಬರ ಗಡಿಯಾರವೂ ಒಟ್ಟಿಗೆ ಶುರುವಾಗಿಲ್ಲ, ಮೊದಲು ಅದನ್ನು ಸರಿಮಾಡಬೇಕು. 6:30ರ ಹೊತ್ತಿಗೆ ಮೊದಲ ರೈಲು 30 ಕಿ.ಮೀ. ಬಂದಿದೆ, ಅಲ್ಲಿ ಒಂದು ಅಡ್ಡಗೀಟು ಹಾಕಿ. ಉಳಿದ ಅಂತರ 110. ಇನ್ನು ಮುಂದೆ ಇಬ್ಬರಿಗೂ ಕಾಲ ಒಂದೇ, ಹಾಗಾಗಿ ವೇಗ ಕೂಡಿಸಬಹುದು: 60 + 50 = 110. ಒಂದು ಗಂಟೆ. 7:30ಕ್ಕೆ, ದಂಡು ನಿಲ್ದಾಣದಿಂದ 90 ಕಿ.ಮೀ. ದೂರದಲ್ಲಿ, ಬಂಗಾರಪೇಟೆ ದಾಟಿ ಕುಪ್ಪಂ ಬರುವ ಮೊದಲು. ತಾಳೆ ನೋಡಿ: ಜೋಲಾರಪೇಟೆಯ ರೈಲು ಬಂದದ್ದು 50, 90 + 50 = 140.

ಈ ಸಾಪೇಕ್ಷ ವೇಗದ ನಿಯಮ ಹೊಸದಲ್ಲ. ಕ್ರಿ.ಶ. 499ರ ಆರ್ಯಭಟೀಯದ ಗಣಿತಪಾದದಲ್ಲೇ ಇದೆ: ಎದುರುಬದುರಾಗಿ ಬಂದರೆ ಅಂತರವನ್ನು ವೇಗಗಳ ಮೊತ್ತದಿಂದ, ಒಂದೇ ದಿಕ್ಕಿಗೆ ಹೋದರೆ ವ್ಯತ್ಯಾಸದಿಂದ ಭಾಗಿಸಬೇಕು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಬ್ಬ ದಿನವೂ ಒಂದೇ ವೇಗದಲ್ಲಿ ನಡೆಯುತ್ತಾನೆ, ಇನ್ನೊಬ್ಬ ದಿನದಿನಕ್ಕೆ ಇಷ್ಟಿಷ್ಟು ವೇಗ ಏರಿಸಿಕೊಳ್ಳುತ್ತಾನೆ, ಇಬ್ಬರೂ ಮತ್ತೆ ಸೇರುವುದು ಯಾವಾಗ? ಒಬ್ಬ ದಿನಕ್ಕೆ 10 ಯೋಜನ, ಇನ್ನೊಬ್ಬ ಮೊದಲ ದಿನ 3, ಆಮೇಲೆ ದಿನಕ್ಕೆ 2 ಹೆಚ್ಚು ಎಂದಿಟ್ಟುಕೊಳ್ಳಿ. ಒಟ್ಟಿಗೆ ಹೊರಟು ಒಟ್ಟಿಗೆ ಸೇರಿದರೆ ಇಬ್ಬರಿಗೂ ದೂರವೂ ಒಂದೇ, ಕಾಲವೂ ಒಂದೇ. ಅಂದಮೇಲೆ ಸರಾಸರಿ ವೇಗವೂ ಒಂದೇ ಆಗಬೇಕು. ಎರಡನೆಯವನ ಸರಾಸರಿ 10 ಆಗಲು ಕೊನೆಯ ದಿನ 17 ನಡೆಯಬೇಕು, 3 ಮತ್ತು 17ರ ನಡು 10 ತಾನೆ? 3ರಿಂದ 17ಕ್ಕೆ ಏರಲು ಏಳು ಸಲ 2 ಕೂಡಬೇಕು, ಹಾಗಾಗಿ 8ನೇ ದಿನ. ಇಬ್ಬರೂ ನಡೆದದ್ದು 80 ಯೋಜನ. ನಮ್ಮ ನೆಲದಲ್ಲೇ ಹನ್ನೊಂದು ನೂರು ವರ್ಷಗಳ ಹಿಂದೆ ಕೂತು ಯೋಚಿಸಿದ ಲೆಕ್ಕವನ್ನು ಮಕ್ಕಳಿಗೆ ತೋರಿಸಿದರೆ ಅವರ ಮುಖ ಅರಳುವುದನ್ನು ನೋಡಬೇಕು.

ಎರಡು ರೈಲುಗಳು ಒಂದನ್ನೊಂದು ದಾಟುವಾಗ ಉದ್ದಗಳನ್ನು ಯಾವಾಗಲೂ ಕೂಡಿಸಿ, ವೇಗಗಳನ್ನು ಮಾತ್ರ ದಿಕ್ಕು ನೋಡಿ ಕೂಡಿಸಿ ಅಥವಾ ಕಳೆಯಿರಿ. 384 ಮತ್ತು 316 ಮೀಟರ್ ಉದ್ದದ ರೈಲುಗಳು ಗಂಟೆಗೆ 72, 54 ಕಿ.ಮೀ. ವೇಗದಲ್ಲಿ ಎದುರಾದರೆ 700 ಮೀಟರಿಗೆ ಸೆಕೆಂಡಿಗೆ 35, ಅಂದರೆ 20 ಸೆಕೆಂಡು. ಒಂದೇ ದಿಕ್ಕಾದರೆ ಸೆಕೆಂಡಿಗೆ 5, ಅಂದರೆ 140 ಸೆಕೆಂಡು.

ಬೆನ್ನಟ್ಟುವ ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ಅಮ್ಮ ಇಂದಿರಾನಗರದಲ್ಲಿ ಕೆ.ಆರ್.ಪುರದ ಬಸ್ಸು ಹತ್ತಿದರು, ಬಸ್ಸಿನ ವೇಗ ಗಂಟೆಗೆ 20 ಕಿ.ಮೀ. ಕಾಲು ಗಂಟೆ ಬಿಟ್ಟು ಮಗ ಮನೆಯ ಬೀಗದಕೈ ಹಿಡಿದು ಸ್ಕೂಟರಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೊರಟ. ಅಂತರ 5 ಕಿ.ಮೀ., ವೇಗದ ವ್ಯತ್ಯಾಸ 10. ಅರ್ಧ ಗಂಟೆಯಲ್ಲಿ, 15 ಕಿ.ಮೀ. ದೂರದಲ್ಲಿ ಹಿಡಿಯುತ್ತಾನೆ. ಗುಣಾಕಾರ, ಭಾಗಾಕಾರ ಎಲ್ಲ ಸರಿ. ಆದರೆ ಅಮ್ಮ ಇಳಿಯುವ ನಿಲ್ದಾಣ 8 ಕಿ.ಮೀ. ದೂರದಲ್ಲಿದ್ದರೆ? ಬಸ್ಸು 24 ನಿಮಿಷದಲ್ಲಿ ಅಲ್ಲಿರುತ್ತದೆ. ಮಗನಿಗೆ 16 ನಿಮಿಷ ಸಾಕು, ಆದರೆ 15 ನಿಮಿಷ ತಡವಾಗಿ ಹೊರಟಿದ್ದಾನೆ, ತಲುಪುವುದು 31ನೇ ನಿಮಿಷಕ್ಕೆ. ಅಮ್ಮ ನಿಲ್ದಾಣದಲ್ಲಿ 7 ನಿಮಿಷ ಕಾಯಬೇಕು. ಬಂದ ಉತ್ತರ ದಾರಿಯ ಒಳಗೇ ಇದೆಯೇ ಎಂದು ಗೆರೆಯ ಮೇಲೆ ಒಮ್ಮೆ ಬೆರಳಿಟ್ಟು ನೋಡಿ.

ನಿಲುಗಡೆ ಇರುವ ದಾರಿ

2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಮೊದಲು ಓಡಿದ್ದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ, 6.7 ಕಿ.ಮೀ. ನಿಲ್ದಾಣ ಆರು. ನಡುವಿನ ಅಂತರ ಐದು. ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ ಎಂದು ದಾರಿಯಲ್ಲಿ ನಿಲುಗಡೆ ನಾಲ್ಕು. ಆರು, ಐದು, ನಾಲ್ಕು: ಮೂರೂ ಬೇರೆ ಬೇರೆ ಎಂಬುದನ್ನು ಮರೆತೇ ಎಷ್ಟೋ ಉತ್ತರ ಕೆಡುತ್ತದೆ. ಓಡುವಾಗಿನ ಸರಾಸರಿ ಗಂಟೆಗೆ 40 ಕಿ.ಮೀ., ಪ್ರತಿ ನಿಲುಗಡೆ ಅರ್ಧ ನಿಮಿಷ ಎಂದುಕೊಂಡರೆ ಓಟಕ್ಕೆ ಸುಮಾರು 10 ನಿಮಿಷ, ನಿಂತದ್ದಕ್ಕೆ 2 ನಿಮಿಷ. 12 ನಿಮಿಷಕ್ಕೆ 6.7 ಕಿ.ಮೀ., ಗಂಟೆಗೆ 33.5 ಕಿ.ಮೀ.

ಪರೀಕ್ಷೆಯಲ್ಲಿ ಇದು ತಿರುಗಿ ಬರುತ್ತದೆ: ‘ನಿಲುಗಡೆ ಬಿಟ್ಟು ವೇಗ 54, ನಿಲುಗಡೆ ಸೇರಿ 45, ಗಂಟೆಗೆ ಎಷ್ಟು ನಿಮಿಷ ನಿಲ್ಲುತ್ತದೆ?’ ಕಾಲ ಒಂದೇ, ಒಂದು ಗಂಟೆ. ಆ ಗಂಟೆಯಲ್ಲಿ 9 ಕಿ.ಮೀ. ಕೈತಪ್ಪಿತು. 54ರ ವೇಗದಲ್ಲಿ 9 ಕಿ.ಮೀ. ಎಂದರೆ 10 ನಿಮಿಷ. ಉತ್ತರ ಅಷ್ಟೇ.

ಎಸ್‌ಎಸ್‌ಎಲ್‌ಸಿಯವರಿಗೆ

ಹತ್ತನೇ ತರಗತಿಯ ವರ್ಗ ಸಮೀಕರಣದ ಪಾಠಕ್ಕೆ ಹೊಂದುವ, ಮೈಸೂರು–ಬೆಂಗಳೂರು ನಡುವಿನ 132 ಕಿ.ಮೀ. ಲೆಕ್ಕವೊಂದಿದೆ. ಎಕ್ಸ್‌ಪ್ರೆಸ್ ರೈಲು ಪ್ಯಾಸೆಂಜರಿಗಿಂತ ಗಂಟೆಗೆ 11 ಕಿ.ಮೀ. ವೇಗ ಹೆಚ್ಚು, ತಲುಪುವುದು ಒಂದು ಗಂಟೆ ಬೇಗ. ಎರಡರ ವೇಗ ಎಷ್ಟು? ಇಲ್ಲಿ ಅದೇ ಇರುವುದು ದೂರ. ಪರೀಕ್ಷೆಯಲ್ಲಿ ಸಮೀಕರಣ ಬರೆದೇ ತೋರಿಸಬೇಕು, ಹಂತಗಳಿಗೆ ಅಂಕವಿದೆ. ಆದರೆ ಉತ್ತರ ಮೊದಲೇ ಕಣ್ಣಿಗೆ ಬಿದ್ದರೆ ಧೈರ್ಯ ಬರುತ್ತದೆ. 132 ಅನ್ನು ಗಂಟೆಗಳಿಂದ ಭಾಗಿಸುತ್ತ ಹೋಗಿ: 2 ಗಂಟೆಯಾದರೆ 66, 3 ಗಂಟೆಯಾದರೆ 44, 4 ಗಂಟೆಯಾದರೆ 33. 44ಕ್ಕೂ 33ಕ್ಕೂ ವ್ಯತ್ಯಾಸ 11. ಸಿಕ್ಕಿತು. ಪ್ಯಾಸೆಂಜರಿನ ವೇಗಕ್ಕೆ ಸಮೀಕರಣ ಬಿಡಿಸಿದಾಗ 33ರ ಜೊತೆ ಋಣ 44 ಕೂಡ ಬರುತ್ತದೆ. ವೇಗ ಋಣ ಆಗದು ಎಂಬ ಒಂದು ಸಾಲು ಬರೆದು ಅದನ್ನು ಕೈಬಿಡಿ. ಆ ಸಾಲು ಬರೆಯದೆ ಸುಮ್ಮನೆ 33 ಎಂದು ಮುಗಿಸಬೇಡಿ. ಆರ್‌ಆರ್‌ಬಿಯಂಥ ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಎದುರಿಗೇ ಇರುವುದರಿಂದ ಇದೇ ರೀತಿ ಹಿಂದಿನಿಂದ ಹಾಕಿ ನೋಡುವುದು ಬೇಗ. ಮೊದಲು ನಡುವಿನ ಬೆಲೆ ಹಾಕಿ. ಅದು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿದರೆ ಉಳಿದವುಗಳಲ್ಲಿ ಒಂದೆರಡು ತಾನಾಗಿ ಬಿದ್ದುಹೋಗುತ್ತವೆ.

ಅಭ್ಯಾಸಕ್ಕೆ ಪುಸ್ತಕವೇ ಬೇಕೆಂದಿಲ್ಲ. ದಂಡು ನಿಲ್ದಾಣದಿಂದ ವೈಟ್‌ಫೀಲ್ಡ್ ಕಡೆಯ ರೈಲಿನಲ್ಲಿ ಕಿಟಕಿಯ ಪಕ್ಕ ಕೂತಿರಿ, ಬಾಗಿಲಲ್ಲಿ ನಿಲ್ಲಬೇಡಿ. ವಿದ್ಯುತ್ ತಂತಿ ಹೊತ್ತ ಕಂಬಗಳ ಮೇಲಿನ ಫಲಕದಲ್ಲಿ ಎರಡು ಸಂಖ್ಯೆ ಇರುತ್ತದೆ. ಒಂದು ಕಿಲೋಮೀಟರಿನದು, ಇನ್ನೊಂದು ಆ ಕಿಲೋಮೀಟರಿನೊಳಗೆ ಕಂಬದ ಕ್ರಮಸಂಖ್ಯೆ. ಕಿಲೋಮೀಟರ್ ಸಂಖ್ಯೆ ಬದಲಾದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಮತ್ತೆ ಬದಲಾದಾಗ ನಿಲ್ಲಿಸಿ. ದೂರ ಅದೇ, ಒಂದು ಕಿಲೋಮೀಟರು. 3,600 ಅನ್ನು ಸಿಕ್ಕ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಯ ವೇಗ: 60 ಸೆಕೆಂಡಿಗೆ 60, 45ಕ್ಕೆ 80, 40ಕ್ಕೆ 90, 36ಕ್ಕೆ 100. ಮೊದಲು ಅಂದಾಜು ಹೇಳಿ, ಆಮೇಲೆ ಅಳೆಯಿರಿ. ಕೆ.ಆರ್.ಪುರ ಹತ್ತಿರವಾಗುತ್ತ ರೈಲು ನಿಧಾನಿಸಿದಾಗ ಪ್ರತಿ ಕಿಲೋಮೀಟರಿನ ಸೆಕೆಂಡುಗಳನ್ನು ಬರೆದಿಟ್ಟುಕೊಂಡು ಸರಾಸರಿ ವೇಗ ತೆಗೆಯಿರಿ. ವೇಗಗಳನ್ನು ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆಗೂ ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದ ಸಂಖ್ಯೆಗೂ ಎಷ್ಟು ವ್ಯತ್ಯಾಸ ಬಂತೆಂದು ಅಲ್ಲೇ ಬರೆದು ನೋಡಿ.